ಮನೆಯ ಕಾಗದದ ಈ ಸಾಲುಗಳು ಯಾರಿಗಾದರೂ ಓದಲು ಬರುತ್ತವೆಯೇ? (ಹಳೆಯ ಕೈಬರಹ, ಮಧುಗಿರಿ ಸೀಮೆ)

ಅಟ್ಟದ ಪೆಟ್ಟಿಗೆ
(ಬೆಂಗಳೂರು; ಊರು ಮಧುಗಿರಿ ಕಡೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಊರಿನ ಹಳೆಯ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅರ್ಧ ಪಾಲು ಇಲಿಗಳದ್ದಾಗಿತ್ತು. ಉಳಿದರ್ಧದಲ್ಲಿ ಕಂದಾಯದ ರಸೀದಿಗಳು, ಎರಡು ಹಳೆಯ ಪಂಚಾಂಗ, ನಾಲ್ಕಾಗಿ ಮಡಿಸಿದ ಒಂದು ದಪ್ಪ ಕಾಗದ. ಬರೆದಿರುವುದು ಕನ್ನಡವೇ, ಆದರೆ ನನಗೆ ಓದಲು ಬರುತ್ತಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಸ್ವಂತ ಮನೆಯ ಕಾಗದದ ಮುಂದೆ ಹೆಬ್ಬೆಟ್ಟಿನವನಾಗಿ ಕುಳಿತಿದ್ದೇನೆ.

ಒಂದು ವಾರ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದುಕೊಂಡದ್ದು ಇಷ್ಟು. ಚುಕ್ಕಿ ಇಟ್ಟಲ್ಲಿ ಒಂದೋ ಹುಳು ತಿಂದಿದೆ, ಇಲ್ಲವೇ ನಾನು ಸೋತಿದ್ದೇನೆ:

"… ವರುಷ ೧೭೯೮ನೆ ದಾತು ಸಂ॥ದ ಪುಷ್ಯ ಬ॥ ೫ಲ್ಲು … ತಿಂವುಂವು ಕೋಂ ಮೆಂಕಟಂಣ … ಬರಶಿಕೊಟ್ಟ … ಕ್ಷೇಮ ಪ್ರಯುಕ್ತ … ವೊಂದು ಖಂಡುಗ … ರೂ ೧೮॥ …"

1798 ಎಂದರೆ ಟಿಪ್ಪುವಿನ ಕಾಲ! ಆದರೆ "ದಾತು" ಯಾರು? ದಾನ ಕೊಟ್ಟವನೇ? "ತಿಂವುಂವು" ಎಂಬ ಹೆಸರು ಇರಲು ಸಾಧ್ಯವೇ? "ಕೋಂ" ಎಂದರೆ ಕೋಮು, ಜಾತಿ ಎಂದುಕೊಂಡೆ. ಆದರೆ ಅದರ ಮುಂದೆ ಜಾತಿಯ ಹೆಸರೇ ಇಲ್ಲ. ಯಾರದೋ ಕ್ಷೇಮಕ್ಕಾಗಿ ಒಂದು ಖಂಡುಗ ಧಾನ್ಯ ಕೊಟ್ಟ ದಾನಪತ್ರ ಇರಬಹುದೇ?

ಕೇಳಲು ಇನ್ನೊಂದು ಕಾರಣವೂ ಇದೆ. ಊರ ಮುಂದಿನ ಕೆರೆ ಹಿಂದಿನ ಹೊಲ ಒಂದು ಕಾಲದಲ್ಲಿ ನಮ್ಮದಾಗಿತ್ತಂತೆ. ಮುತ್ತಜ್ಜನ ಅಣ್ಣ ಅದನ್ನು ಜೂಜಿನಲ್ಲಿ ಕಳೆದ ಎಂದು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಹೇಳುತ್ತಾ ಬಂದಿದ್ದಾರೆ. ಮಕ್ಕಳು ಇಸ್ಪೀಟು ಮುಟ್ಟಿದರೆ ಇಂದಿಗೂ ಅವನ ಹೆಸರು ಹಿಡಿದೇ ಬೈಗುಳ. ಈ ಕಾಗದದಲ್ಲಿ "ಕೆರೆ" ಎಂಬ ಪದ ಎರಡು ಕಡೆ ಕಾಣಿಸುತ್ತದೆ. ಆದ್ದರಿಂದ ಕುತೂಹಲ.

ಬಳಪ
(ತುಮಕೂರು, ನಿವೃತ್ತ)

ಕಾಗದ ಸುರಕ್ಷಿತವಾಗಿ ಕೈಸೇರಿದ್ದು ಸಂತೋಷ. ಮೊದಲು ಒಂದು ಮಾತು: ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದ ಕಡೆ ಅಂಟುಪಟ್ಟಿ ಹಚ್ಚಬೇಡಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಇಟ್ಟು, ಬೆಳಕು ಮಗ್ಗುಲಿಂದ ಬೀಳುವಂತೆ ಫೋಟೊ ತೆಗೆಯಿರಿ. ಶಾಯಿ ಮಾಸಿದ್ದರೂ ಲೇಖನಿ ಒತ್ತಿದ ಗೀರು ಕಾಗದದಲ್ಲಿ ಉಳಿದಿದ್ದರೆ ಆ ಬೆಳಕಿಗೆ ಕಾಣಿಸುತ್ತದೆ.

ಈಗ ವಿಷಯ. ಅದು ಕ್ರಿಸ್ತಶಕ 1798 ಅಲ್ಲ. ಕಾಗದದ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರದ ಛಾಪಾ ಮುದ್ರೆ ನೀವು ಹಾಕಿದ ಚಿತ್ರದಲ್ಲೇ ಅರ್ಧ ಕಾಣುತ್ತಿದೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅದಕ್ಕೂ ಹಿಂದಿನ ವರ್ಷ ಮಧುಗಿರಿ ಸೀಮೆಗೆ ಇಂಗ್ಲಿಷ್ ಛಾಪಾ ಕಾಗದ ಎಲ್ಲಿಂದ ಬರಬೇಕು? ಇದು ಶಾಲಿವಾಹನ ಶಕ. 78 ಕೂಡಿಸಿ: 1876. ತಾಳೆ ನೋಡಲು ಸಂವತ್ಸರ ಪಕ್ಕದಲ್ಲೇ ಇದೆ. ನಿಮ್ಮ "ದಾತು" ದಾನಿಯಲ್ಲ, ಧಾತು ಸಂವತ್ಸರ. ಮಹಾಪ್ರಾಣದ ಸೀಳನ್ನು ಆ ಕಾಲದ ಬರಹಗಾರರು ಹಾಕಿದರೆ ಹಾಕಿದರು, ಬಿಟ್ಟರೆ ಬಿಟ್ಟರು. ಧಾತು 60 ವರ್ಷಕ್ಕೊಮ್ಮೆ ಬರುತ್ತದೆ: 1816, 1876, 1936. ಶಕವೂ ಸಂವತ್ಸರವೂ 1876ರಲ್ಲಿ ಕೂಡುತ್ತವೆ. ಪುಷ್ಯ ಬಹುಳ ಪಂಚಮಿ ಎಂದರೆ ಆಗಲೇ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, 1877ರ ಜನವರಿ ಮೊದಲ ವಾರ.

"ತಿಂವುಂವು" ಓದಿ ಒಬ್ಬನೇ ನಕ್ಕೆ, ಕ್ಷಮಿಸಿ. ನೀವು ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದೀರಿ, ಅದೇ ಸರಿಯಾದ ದಾರಿ. ಹಳೆಯ ಕೈಯಲ್ಲಿ "ಮ" ಎಂಬುದು "ವು"ವಿನ ಅವಳಿ. ಇನ್ನು ಒತ್ತಕ್ಷರದ ಬದಲು ಸೊನ್ನೆ ಹಾಕುವುದು ಶಾಸನಗಳ ಕಾಲದಿಂದ ಬಂದ ರೂಢಿ. ಅಣ್ಣ ಎಂಬುದು ಅಂಣ, ಅಮ್ಮ ಎಂಬುದು ಅಂಮ. ಹಾಗಾದರೆ ತಿಂವುಂವು = ತಿಂಮಂಮ = ತಿಮ್ಮಮ್ಮ. ಅದೇ ಲೆಕ್ಕದಲ್ಲಿ ಮೆಂಕಟಂಣ = ವೆಂಕಟಣ್ಣ. "ಕೋಂ" ಜಾತಿಯಲ್ಲ, "ಇಂಥವನ ಹೆಂಡತಿ" ಎಂದು. ಬಿನ್ ಇದ್ದರೆ ಮುಂದೆ ಬರುವುದು ತಂದೆಯ ಹೆಸರು, ಕೋಂ ಇದ್ದರೆ ಗಂಡನ ಹೆಸರು. ಈಗಿನ ಪಹಣಿಯಲ್ಲೂ ಇವು ಉಳಿದಿವೆ, ನೋಡಿ.

ಅಂದರೆ ಬರೆಸಿಕೊಟ್ಟವಳು ವೆಂಕಟಣ್ಣನ ಹೆಂಡತಿ ತಿಮ್ಮಮ್ಮ.

ಅಟ್ಟದ ಪೆಟ್ಟಿಗೆ

ಸರ್, ಮೈ ಜುಮ್ಮೆಂದಿತು. ಮುತ್ತಜ್ಜನ ತಂದೆಯ ಹೆಸರು ವೆಂಕಟಣ್ಣ ಎಂಬುದು ನಮಗೆ ಗೊತ್ತು. ತಾಯಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಶ್ರಾದ್ಧದಲ್ಲಿ ಆ ಜಾಗಕ್ಕೆ ಬಂದಾಗ ಗೊಣಗಿಕೊಂಡು ಮುಂದೆ ಹೋಗುತ್ತಿದ್ದರು.

ಸುಮ್ಮನೆ ಓದುವವ

ಇಷ್ಟೆಲ್ಲ ಕಷ್ಟ ಏಕೆ? ಮೊಬೈಲಿನಲ್ಲಿ ಚಿತ್ರ ತೆಗೆದು ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಒಂದು ನಿಮಿಷದ ಕೆಲಸವಲ್ಲವೇ?

ಅಟ್ಟದ ಪೆಟ್ಟಿಗೆ

ಮೊದಲು ಮಾಡಿದ್ದೇ ಅದು. ತಿಮ್ಮಮ್ಮನನ್ನು ಅದು "ತಿಂಡಿ ತಿಂಡಿ" ಎಂದು ಓದಿತು. "ಕ್ಷೇಮ ಪ್ರಯುಕ್ತ" ಮಾತ್ರ ಸ್ವಲ್ಪವೂ ಅನುಮಾನವಿಲ್ಲದೆ ಕೊಟ್ಟಿತು. ಅದನ್ನು ನೋಡಿಯೇ ನಾನೂ ಹಾಗೆ ಬರೆದೆ.

ಬಳಪ

ಅಚ್ಚಿನ ಕನ್ನಡವನ್ನು ಯಂತ್ರ ಚೆನ್ನಾಗಿಯೇ ಓದುತ್ತದೆ, ನಾನೂ ಬಳಸುತ್ತೇನೆ. ಕೈಬರಹದಲ್ಲಿ ಅದರ ಅಪಾಯ ಬೇರೆ. ಗೊತ್ತಿಲ್ಲದ ಕಡೆ ಅದು ಗೊತ್ತಿಲ್ಲ ಎನ್ನುವುದಿಲ್ಲ, ತನಗೆ ಬರುವ ಪದವನ್ನು ಅಲ್ಲಿ ತುಂಬಿಸಿಬಿಡುತ್ತದೆ. ಹೊಸಬನಾದ ಮನುಷ್ಯನೂ ಅದನ್ನೇ ಮಾಡುತ್ತಾನೆ ಎನ್ನಿ. "ಕ್ಷೇಮ"ದ ಮೇಲೆ ನನಗೂ ಕಣ್ಣಿದೆ. ಕ್ರಯಪತ್ರದಲ್ಲಿ ಆ ಪದಕ್ಕೆ ಕೆಲಸವೇ ಇಲ್ಲ. ಆ ಭಾಗದ ದೊಡ್ಡ ಚಿತ್ರ ಹಾಕಿ.

ಅಂದ ಹಾಗೆ ಇದು ಕ್ರಯಪತ್ರವೇ, ದಾನಪತ್ರವಲ್ಲ. "೧೮॥" ಎಂಬುದರಲ್ಲಿ ಆ ಎರಡು ಗೀಟು ಸುಮ್ಮನೆ ಇಲ್ಲ. ಅಕ್ಷರದ ಮುಂದೆ ॥ ಬಂದರೆ ಪದ ಮೊಟಕಾಗಿದೆ ಎಂದು ಅರ್ಥ: ಸಂ॥ ಎಂದರೆ ಸಂವತ್ಸರ, ಬ॥ ಎಂದರೆ ಬಹುಳ, ಶು॥ ಎಂದರೆ ಶುದ್ಧ. ಅಂಕಿಯ ಮುಂದೆ ಬಂದರೆ ಅದು ಅರ್ಧ. ಒಂದು ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ಹದಿನೆಂಟೂವರೆ ರೂಪಾಯಿ. ಖಂಡುಗವೂ ಧಾನ್ಯವಲ್ಲ. ಒಂದು ಖಂಡುಗ, ಅಂದರೆ 20 ಕೊಳಗ ಬೀಜ ಬಿತ್ತುವಷ್ಟು ಹೊಲ. ನೆಲವನ್ನು ಬೀಜದಿಂದ ಅಳೆಯುತ್ತಿದ್ದ ಕಾಲ.

ಬೋರು ಮತ್ತು ಮಸಿ
(ಬೆಳಗಾವಿ)

ನಿಮ್ಮ ಚರ್ಚೆ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಿಮ್ಮದು ಕನ್ನಡ ಅಕ್ಷರವಾದರೂ ಹೌದು! ನಮ್ಮ ಕಡೆ ಮುತ್ತಜ್ಜನ ಕಾಗದ ತೆಗೆದರೆ ಅದು ಮೋಡಿ, ಮರಾಠಿಯ ಹಳೆಯ ಕೂಡುಬರಹದ ಲಿಪಿ. ಬೆಳಗಾವಿ, ಧಾರವಾಡ, ವಿಜಯಪುರ, ಜಮಖಂಡಿ, ಮುಧೋಳ ಸೀಮೆಗಳಲ್ಲಿ ಪೇಶ್ವೆಯರ ಮತ್ತು ಸಂಸ್ಥಾನಗಳ ದಫ್ತರವೆಲ್ಲ ಮೋಡಿಯಲ್ಲೇ ನಡೆಯಿತು. ಮನೆಯಲ್ಲಿ ಕನ್ನಡ ಮಾತಾಡುವ ಕುಲಕರ್ಣಿ ಚಾವಡಿಗೆ ಹೋಗಿ ಮರಾಠಿಯಲ್ಲಿ, ಅದೂ ಮೋಡಿಯಲ್ಲಿ ಬರೆಯುತ್ತಿದ್ದ. ಈಗಿನ ಮೊಮ್ಮಕ್ಕಳಿಗೆ ಬಾಳಬೋಧ (ದೇವನಾಗರಿ) ಬರುತ್ತದೆ, ಮೋಡಿ ಬರುವುದಿಲ್ಲ. ಭಾಷೆಯೂ ಅಡ್ಡ, ಲಿಪಿಯೂ ಅಡ್ಡ.

ಮೋಡಿಯಲ್ಲಿ ಮೊದಲು ಪುಟದ ಆ ಕೊನೆಯಿಂದ ಈ ಕೊನೆಗೆ ಒಂದು ಗೆರೆ ಎಳೆದು, ಬಟ್ಟೆ ಒಣಹಾಕಿದ ಹಾಗೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತಾರೆ. ಲೇಖನಿ ಎತ್ತುವುದಿಲ್ಲ. ಪದಗಳ ನಡುವೆ ಜಾಗವಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘ ಎಂಬ ಭೇದವಿಲ್ಲ. ನಾನು ಆರು ತಿಂಗಳು ಅಕ್ಷರಮಾಲೆಯ ಪಟ್ಟಿ ಗೋಡೆಗೆ ಅಂಟಿಸಿಕೊಂಡು ದಿನವೂ ನೋಡಿದೆ, ಒಂದು ಸಾಲೂ ಓದಲಾಗಲಿಲ್ಲ. ಕೊನೆಗೆ ಹಿರಿಯರೊಬ್ಬರು ಪಟ್ಟಿ ಕಿತ್ತುಹಾಕಲು ಹೇಳಿ, ಕೈಗೆ ಬೋರು (ಕಡ್ಡಿಯ ಲೇಖನಿ) ಕೊಟ್ಟು ದಿನಕ್ಕೆ ಒಂದು ಪುಟ ಬರೆಯಲು ಹಚ್ಚಿದರು. ಎರಡು ತಿಂಗಳಿಗೆ ಕಣ್ಣು ಬಿಟ್ಟಿತು. ಕೈ ಯಾವ ಕಡೆಯಿಂದ ಹೊರಟು ಯಾವ ಕಡೆ ತಿರುಗಿತು ಎಂದು ತಿಳಿದ ಮೇಲೆ ಅಕ್ಷರ ಎಷ್ಟು ಕೆಟ್ಟರೂ ಗುರುತು ಸಿಗುತ್ತದೆ.

ವರ್ಷದ ವಿಷಯ ಬಂತು ಎಂದು ಹೇಳುತ್ತೇನೆ. ನಮ್ಮ ಕಾಗದಗಳಲ್ಲಿ ವರ್ಷವನ್ನು ಎಷ್ಟೋ ಕಡೆ ಅಂಕಿಯಲ್ಲಿ ಬರೆಯದೆ ಅರಬ್ಬಿ ಪದಗಳಲ್ಲಿ ಬರೆದಿರುತ್ತಾರೆ. "ಇಹಿದೆ ಸಿತ್ತೈನ ಮಯಾ ವ ಅಲಫ" ಎಂದು ನೋಡಿದಾಗ ಮಂತ್ರವೋ ಮಾಟವೋ ಎಂದುಕೊಂಡಿದ್ದೆ. ಒಂದು, ಅರವತ್ತು, ನೂರು, ಸಾವಿರ: 1161. ಇದು ಸುಹೂರ್ ಸನ್, ಮರಾಠಾ ದಫ್ತರಗಳ ವರ್ಷಗಣನೆ. 599 ಕೂಡಿಸಿದರೆ 1760, ಡಿಸೆಂಬರ್ ದಾಟಿದ್ದರೆ 600 ಕೂಡಿಸಿ 1761. ಪಾಣಿಪತ್ತಿನ ಯುದ್ಧದ ವರ್ಷ.

ಶರಾವತಿ ದಂಡೆ
(ಸಾಗರ)

ನಮ್ಮ ಕಡೆ ಕಾಗದಕ್ಕಿಂತ ಹೆಚ್ಚು ಕಾಟ ಕಡತದ್ದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಆ ಅನುಕೂಲವೇ ನಮ್ಮ ಮನೆಗೆ ಮುಳುವಾಯಿತು. ನನ್ನ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ, ಕೊಳೆ ಹಿಡಿದ ಕಪ್ಪು ಬಟ್ಟೆ ಎಂದು ಒಂದು ಕಡತವನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಟ್ಟರಂತೆ. ಮಾವನವರು ಮೂರು ದಿನ ಊಟ ಬಿಟ್ಟರಂತೆ. ಇನ್ನೊಂದರ ತುಂಡು ಬಿಸಿ ಪಾತ್ರೆ ಇಳಿಸಲು ಬಹಳ ಕಾಲ ಅಡುಗೆಮನೆಯಲ್ಲಿತ್ತು. ಅದರ ಮೇಲೆ ಈಗಲೂ "ಅಡಿಕೆ" ಎಂಬ ಪದ ಓದಬಹುದು!

ಮಠಗಳಲ್ಲಿ ಹೀಗಾಗಲಿಲ್ಲ ಎನ್ನುವುದು ಪುಣ್ಯ. ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿ ಉಳಿದದ್ದರಿಂದಲೇ 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು.

ತಾಳೆಗರಿ ಇರುವ ಮನೆಯವರಿಗೂ ಒಂದು ಎಚ್ಚರಿಕೆ. ಕರಾವಳಿ, ಮಲೆನಾಡಿನ ಗರಿಗಳಲ್ಲಿ ತಿಗಳಾರಿ ಲಿಪಿ ಬಹಳ. ಮಲಯಾಳ ಎಂದು ತಪ್ಪು ತಿಳಿದು ಬದಿಗಿಟ್ಟವರಿದ್ದಾರೆ. 2024ರಲ್ಲಿ ಅದಕ್ಕೆ ಯೂನಿಕೋಡಿನಲ್ಲಿ ಜಾಗವೂ ಸಿಕ್ಕಿದೆ. ಆದರೆ ವಂಶದ ಇತಿಹಾಸ ಹುಡುಕುವವರಿಗೆ ಅದರಲ್ಲಿ ಸಿಗುವುದು ಕಡಿಮೆ, ಹೆಚ್ಚಿನದು ಮಂತ್ರ ಮತ್ತು ಪ್ರಯೋಗ. ಹೊಲ ಮನೆಯ ಜಗಳ ಬೇಕೆಂದರೆ ಕನ್ನಡ ಕಾಗದವನ್ನೇ ಹುಡುಕಿ.

ಬಳಪ

ಬೋರು ಅವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ತಕರಾರು. ಬರೆದು ಕಲಿಯಬೇಕು ಎಂಬುದು ನಿಜ. ಬಟರ್ ಪೇಪರ್ ಚಿತ್ರದ ಮೇಲಿಟ್ಟು (ಮೂಲದ ಮೇಲಲ್ಲ!) ಸೀಸದಕಡ್ಡಿಯಿಂದ ತಿದ್ದುವುದು ನನ್ನ ಕ್ರಮ. ಆದರೆ ಲಿಪಿಯನ್ನೇ ಪೂರ್ತಿ ಕಲಿತು ಆಮೇಲೆ ಕಾಗದಕ್ಕೆ ಬರುತ್ತೇನೆ ಎಂದರೆ ಆಯುಷ್ಯ ಸಾಲದು. ಮನೆಯ ಕಾಗದ ಓದುವವನು ಕಲಿಯಬೇಕಾದದ್ದು ಒಬ್ಬ ಬರಹಗಾರನ ಕೈ, ಅಷ್ಟೇ. ಆ ಕೈಯನ್ನು ಕಲಿಸುವ ಮೇಷ್ಟರು ಅದೇ ಕಾಗದದೊಳಗೆ ಕುಳಿತಿದ್ದಾನೆ.

ಹೇಗೆ ಎಂದರೆ, ಕ್ರಯಪತ್ರದಲ್ಲಿ ಮುಕ್ಕಾಲು ಪಾಲು ಎಲ್ಲರೂ ಬರೆಯುವ ಮಾತೇ ಇರುತ್ತದೆ. ಆರಂಭದಲ್ಲಿ "ಶಾಲಿವಾಹನ ಶಕ ವರುಷ". ಆಮೇಲೆ "ಬರಶಿಕೊಟ್ಟ ಕ್ರಯಪತ್ರದ ಕ್ರಮವೆಂತೆಂದರೆ". ಕೊನೆಯ ಕಡೆಗೆ "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ" ಎಂಬ ಅಷ್ಟಭೋಗ. ನೆಲದಡಿಯ ನಿಧಿಯಿಂದ ಹಿಡಿದು ಮುಂದೆ ಹುಟ್ಟಬಹುದಾದ ಆದಾಯದವರೆಗೆ ಎಲ್ಲವೂ ಕೊಂಡವನಿಗೆ ಎಂದು ಅದರ ತಾತ್ಪರ್ಯ. ಇದನ್ನು ಬಾಯಿಪಾಠ ಮಾಡಿ. ಎಂಟು ಪದಗಳಲ್ಲಿ ಎಷ್ಟು ಅಕ್ಷರ ಬಂದವು ಎಣಿಸಿ.

ಅದಕ್ಕಿಂತ ಒಳ್ಳೆಯದು ಚಕ್ಕುಬಂದಿ. ಪೂರ್ವಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ, ಉತ್ತರಕ್ಕೆ ಎಂದು ನಾಲ್ಕು ಎಲ್ಲೆ ಹೇಳಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. "ಕ್ಕೆ" ನಾಲ್ಕು ಸಲ ಸಿಕ್ಕಿತು. ಪೂರ್ವದಿಂದ ಅವನ ಅರ್ಕಾವೊತ್ತು ಸಿಕ್ಕಿತು (೯ ಅಂಕಿಯಂತೆ ಕಾಣುತ್ತದೆ, ಮೋಸ ಹೋಗಬೇಡಿ). ಪಶ್ಚಿಮದಿಂದ "ಮ". ಅದನ್ನು "ವು" ಪಕ್ಕದಲ್ಲಿಟ್ಟು ನೋಡಿದರೆ ಬಾಲ ಎಲ್ಲಿ ತಿರುಗುತ್ತದೆ ಎಂದು ತಿಳಿಯುತ್ತದೆ. ಕೊನೆಗೆ "ಸಾಕ್ಷಿಗಳು" ಎಂಬ ಪದ, ಅದರ ಕೆಳಗೆ "ಬಿಕ್ಕಲಂ" ಎಂದು ಬರೆದವನ ಹೆಸರು. ಆ ಹೆಸರನ್ನು ಗುರುತು ಹಾಕಿಕೊಳ್ಳಿ. ಅದೇ ಶಾನುಭೋಗರ ಕೈಯ ಇನ್ನೊಂದು ಕಾಗದ ಊರಿನ ಯಾವುದೋ ಮನೆಯಲ್ಲಿ ಇದ್ದೇ ಇರುತ್ತದೆ.

ಹೀಗೆ ಸಿಕ್ಕ ಅಕ್ಷರಗಳನ್ನು ಕತ್ತರಿಸಿ ಒಂದು ಹಾಳೆಯಲ್ಲಿ ಜೋಡಿಸಿ. ಆಮೇಲೆ ಆ "ಕ್ಷೇಮ"ದ ಹತ್ತಿರ ಹೋಗಿ. ಅವನನ್ನೇ ಕೇಳಿ, ನನ್ನನ್ನು ಕೇಳಬೇಡಿ.

ಇನ್ನೊಂದು ಮಾತು. ಅವನ ಕಾಗುಣಿತವನ್ನು ತಿದ್ದಬೇಡಿ. ಎರಡು ಎಂಬುದನ್ನು ಯೆರಡು, ಒಂದು ಎಂಬುದನ್ನು ವೊಂದು, ಉಂಟು ಎಂಬುದನ್ನು ವುಂಟು ಎಂದೇ ಬರೆದಿರುತ್ತಾನೆ. ಎತ್ವ ಏತ್ವಕ್ಕೆ, ಒತ್ವ ಓತ್ವಕ್ಕೆ ವ್ಯತ್ಯಾಸವಿರುವುದಿಲ್ಲ. ನಮಗೆ ತಪ್ಪಾಗಿ ಕಂಡದ್ದು ಅವನಿಗೆ ರೂಢಿ. ಮೊದಲ ಪ್ರತಿಯಲ್ಲಿ ಇದ್ದದ್ದು ಇದ್ದಂತೆ ಬರೆಯಿರಿ, ಪಕ್ಕದಲ್ಲಿ ಬೇಕಾದರೆ ಇಂದಿನ ರೂಪ.

ಬಾಸೆಲ್ ಹೆಂಚು
(ಮಂಗಳೂರಿನವಳು, ಈಗ ಸ್ಟುಟ್‌ಗಾರ್ಟ್)

ಬಳಪ ಸರ್ ಹೇಳಿದ ಕ್ರಮ ಬೇರೆ ಲಿಪಿಗೂ ಒದಗುತ್ತದೆ ಎನ್ನಲು ನಾನೇ ಸಾಕ್ಷಿ. ನಮ್ಮ ಹಿರಿಯರು ಮಂಗಳೂರಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಹೆಂಚಿನ ಕಾರ್ಖಾನೆ 1865ರಲ್ಲಿ ಶುರುವಾಯಿತು. ಅವರ ಪತ್ರ, ವರದಿಗಳೆಲ್ಲ ಬಾಸೆಲ್ ನಗರದ ದಫ್ತರದಲ್ಲಿವೆ. ಜರ್ಮನ್ ಭಾಷೆ ಕಲಿತಿದ್ದೇನಲ್ಲ ಎಂದು ಧೈರ್ಯದಿಂದ ಹೋದೆ. ತೆರೆದು ನೋಡಿದರೆ ಒಂದು ಅಕ್ಷರವೂ ತಿಳಿಯಲಿಲ್ಲ! ಅದು ಕುರ್ರೆಂಟ್ ಎಂಬ ಹಳೆಯ ಕೈಬರಹ. ಅದರಲ್ಲಿ "ಇ" (e) ಅಕ್ಷರ "ಎನ್"ನಂತೆ (n) ಇರುತ್ತದೆ. "ಯು"ವಿಗೂ "ಎನ್"ಗೂ ಭೇದ ತೋರಿಸಲು "ಯು"ವಿನ ನೆತ್ತಿಯ ಮೇಲೆ ಒಂದು ಚಿಕ್ಕ ಕೊಕ್ಕೆ. ಶಾಲೆಗಳಲ್ಲಿ ಈ ಬಗೆಯ ಬರಹವನ್ನು 1941ರಲ್ಲಿ ನಿಲ್ಲಿಸಿದ್ದರಿಂದ ಇಲ್ಲಿನ ನನ್ನ ನೆರೆಯವರಿಗೂ ಅದು ಬರುವುದಿಲ್ಲ. ಅಜ್ಜಿಯ ಅಡುಗೆ ಪುಸ್ತಕ ಓದಲಾಗದೆ ಕಪಾಟಿನಲ್ಲಿಟ್ಟವರು ಇಲ್ಲಿ ಬೇಕಾದಷ್ಟು ಜನ.

ನನಗೆ ದಾರಿ ತೋರಿಸಿದ್ದು ನಮ್ಮ ಊರ ಹೆಸರುಗಳೇ. ಜರ್ಮನ್ನರು ಕುರ್ರೆಂಟ್‌ನಲ್ಲಿ ಬರೆಯುವಾಗಲೂ ಪರಭಾಷೆಯ ಹೆಸರು ಬಂದರೆ ಹೆಚ್ಚಾಗಿ ಸಾಧಾರಣ ಲ್ಯಾಟಿನ್ ಅಕ್ಷರಕ್ಕೆ ತಿರುಗುತ್ತಿದ್ದರು. ಮುಳ್ಳಿನ ಬೇಲಿಯಂತಹ ಪುಟದ ನಡುವೆ "ಮಂಗಳೂರು", "ಬಲ್ಮಠ" ಮಾತ್ರ ಹೂವಿನಂತೆ ಎದ್ದು ಕಾಣುತ್ತವೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ತಡವರಿಸಿಕೊಂಡು ಹೋದೆ.

ದಕ್ಷಿಣ ಕನ್ನಡ, ಬಳ್ಳಾರಿ ಕಡೆಯ ಕಂದಾಯದ ಕಾಗದ ನೋಡುವವರಿಗೆ ಒಂದು ಮಾತು: ಮದ್ರಾಸ್ ಪ್ರಾಂತ್ಯದ ಆ ಕಾಗದಗಳಲ್ಲಿ ಇರುವುದು ಫಸಲಿ ವರ್ಷ. 590 ಕೂಡಿಸಬೇಕು. ಫಸಲಿ 1300 ಎಂದರೆ 1890ರ ಜುಲೈಯಿಂದ 1891ರ ಜೂನ್.

ಸುಮ್ಮನೆ ಓದುವವ

ನನ್ನ ಪ್ರಶ್ನೆಯನ್ನು ಹಿಂತೆಗೆದುಕೊಂಡಿದ್ದೇನೆ. ಮುಂದೇನಾಯಿತು?

ಅಟ್ಟದ ಪೆಟ್ಟಿಗೆ

ಮೂರು ರಾತ್ರಿ ಕುಳಿತೆ. ಬಳಪ ಸರ್ ಹೇಳಿದಂತೆ ಚಕ್ಕುಬಂದಿಯಿಂದ ಆರಂಭಿಸಿದೆ. "ಪೂರ್ವಕ್ಕೆ ಕೆರೆ ಯೇರಿ" ಎಂದು ಓದಿದ ಕ್ಷಣ ಕುರ್ಚಿಯಿಂದ ಎದ್ದೆ. ಅದೇ ಹೊಲ. ನಾನು ಚಿಕ್ಕವನಿದ್ದಾಗ ಅಜ್ಜ ಆ ಏರಿಯ ಮೇಲೆ ನಿಂತು ಕೈ ತೋರಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಅಕ್ಷರಗಳನ್ನು ಕತ್ತರಿಸಿ ಜೋಡಿಸಿದೆ. ಈ ಬರಹಗಾರ "ಕ್ಕೆ" ಬರೆಯುವಾಗ ನಾಲ್ಕು ಸಲವೂ ಎತ್ವವನ್ನು ನೆತ್ತಿಯ ಮೇಲೆ ಸುತ್ತಿ ಎಡಕ್ಕೆ ಬಾಗಿಸುತ್ತಾನೆ. "ಕೆರೆ"ಯಲ್ಲೂ ಹಾಗೆಯೇ. "ಸಾಕ್ಷಿಗಳು" ಎಂಬುದರ "ಸಾ" ನೋಡಿದರೆ ದೀರ್ಘ ಬಲಕ್ಕೆ ಹೋಗಿ ಕೆಳಗೆ ಇಳಿಯುತ್ತದೆ. "ದಕ್ಷಿಣ"ದಿಂದ "ಕ್ಷ" ಸಿಕ್ಕಿತು. ಈಗ ಇದನ್ನೆಲ್ಲ ಹಿಡಿದುಕೊಂಡು ಆ ಪದದ ಹತ್ತಿರ ಹೋದೆ. ಗೆರೆ ಬಲಕ್ಕೆ ಹೋಗಿ ಕೆಳಗೆ ಇಳಿದಿದೆ. ಎಡಕ್ಕೆ ಏನೂ ಇಲ್ಲ.

ಅದು ಕ್ಷೇಮ ಅಲ್ಲ ಸರ್. ಕ್ಷಾಮ. "ಕ್ಷಾಮ ಪ್ರಯುಕ್ತ".

ಬಳಪ

ನನಗೆ ಸಂವತ್ಸರ ಓದಿದಾಗಲೇ ಅನುಮಾನ ಬಂದಿತ್ತು. ನೀವೇ ಕಂಡುಕೊಳ್ಳಲಿ ಎಂದು ಸುಮ್ಮನಿದ್ದೆ. ನಮ್ಮ ಸೀಮೆಯ ಹಿರಿಯರು "ಧಾತು ಈಶ್ವರದ ಬರ" ಎನ್ನುತ್ತಿದ್ದರು. ಧಾತು 1876, ಅದರ ಮುಂದಿನದು ಈಶ್ವರ, 1877. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಏರಬೇಕಾದದ್ದು ಇಳಿದದ್ದು ಈ ಬರದಿಂದ.

ಪುಷ್ಯ ಬಹುಳ ಪಂಚಮಿಯ ಅದೇ ವಾರ, ಜನವರಿ 1ರಂದು, ದೆಹಲಿಯಲ್ಲಿ ದರ್ಬಾರು ಮಾಡಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ನಿಮ್ಮ ತಿಮ್ಮಮ್ಮ ಹದಿನೆಂಟೂವರೆ ರೂಪಾಯಿಗೆ ಕೆರೆಯ ಹಿಂದಿನ ಹೊಲ ಬರೆದುಕೊಡುತ್ತಿದ್ದಳು.

ಬೋರು ಮತ್ತು ಮಸಿ

ಹಾಗಾದರೆ ಜೂಜಾಡಿದ ದೊಡ್ಡ ಮುತ್ತಜ್ಜ?

ಅಟ್ಟದ ಪೆಟ್ಟಿಗೆ

ಅದನ್ನೇ ಲೆಕ್ಕ ಹಾಕುತ್ತಿದ್ದೇನೆ. ಮುತ್ತಜ್ಜ 1940ರ ಸುಮಾರಿಗೆ ತೀರಿಕೊಂಡಾಗ ಎಪ್ಪತ್ತು ದಾಟಿತ್ತಂತೆ. ಅಣ್ಣ ಅವನಿಗಿಂತ ಐದಾರು ವರ್ಷ ದೊಡ್ಡವನು. ಅಂದರೆ ಹೊಲ ಹೋದಾಗ ಅವನಿಗೆ ಹದಿಮೂರೋ ಹದಿನಾಲ್ಕೋ. ಜೂಜಾಡಿ ಹೊಲ ಕಳೆಯುವ ವಯಸ್ಸಲ್ಲ. ಕಾಗದದಲ್ಲಿ ಅವನ ಹೆಸರೂ ಇಲ್ಲ. ನಾಲ್ಕು ತಲೆಮಾರು ಬೈಸಿಕೊಂಡ ಪುಣ್ಯಾತ್ಮ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇಸ್ಪೀಟು ಆಡುತ್ತಿದ್ದನಂತೂ ನಿಜ" ಎಂದರು.

ಶರಾವತಿ ದಂಡೆ

ಬೈಗುಳವನ್ನೂ ಆಸ್ತಿಯಂತೆ ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾಗುವುದಿಲ್ಲ!

ಹೊಲ ಮಾರಿದ ಸಂಕಟಕ್ಕೆ ಯಾರದಾದರೂ ತಪ್ಪು ಬೇಕಿತ್ತು ಎಂದು ಕಾಣುತ್ತದೆ. ಮಳೆಯನ್ನು ಬೈದು ಎಷ್ಟು ದಿನ ಕಳೆಯಲು ಸಾಧ್ಯ?

ಮಣ್ಣಿನ ಹಣತೆ
(ಹಾವೇರಿ)

ತಡವಾಗಿ ಬಂದೆ. ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ? ನಮ್ಮ ಕಡೆ ಎತ್ತು ಹೂಡಿಕೊಂಡು ಕೆಲವು ವರ್ಷಕ್ಕೊಮ್ಮೆ ಬಂದು, ಅಂಗಳದಲ್ಲಿ ನಿಂತು ಮನೆತನದ ಹೆಸರುಗಳನ್ನು ಸರಸರ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಕಾಳು ಕಡಿ ಪಡೆದು ಹೋಗುತ್ತಾರೆ. ನಮ್ಮ ವಂಶದ ಏಳು ತಲೆಮಾರು ನನಗೆ ಸಿಕ್ಕಿದ್ದು ಅವರಿಂದ. ಒಂದೇ ಕೊರತೆ: ಗಂಡಸರ ಹೆಸರು ನಿರರ್ಗಳವಾಗಿ ಬರುತ್ತದೆ, ಹೆಂಗಸರದ್ದು ಅಲ್ಲೊಂದು ಇಲ್ಲೊಂದು. ಹೆಂಗಸಿನ ಹೆಸರು ಬೇಕಾದರೆ ಹೊಲ ಮಾರಿದ ಕಾಗದವನ್ನೇ ನೋಡಬೇಕು.

ಇನ್ನೊಂದು ಕಿವಿಮಾತು. ಕೊಂಡವರ ಹೆಸರಿರುವ ಸಾಲನ್ನು ಇಲ್ಲಿ ಹಾಕಬೇಡಿ. ಅವರ ಮೊಮ್ಮಕ್ಕಳು ಅದೇ ಊರಿನಲ್ಲಿರುತ್ತಾರೆ. ಬರಗಾಲದಲ್ಲಿ ಅಗ್ಗಕ್ಕೆ ಹೊಡೆದುಕೊಂಡರು ಎಂದು ಯಾರೋ ಮಾತು ಹಬ್ಬಿಸಿದರೆ ನೀವು ಇನ್ನೊಬ್ಬ ದೊಡ್ಡ ಮುತ್ತಜ್ಜನನ್ನು ಹುಟ್ಟಿಸಿದ ಹಾಗೆ.

ಸುಮ್ಮನೆ ಓದುವವ

ಈ ಕಾಗದ ತೋರಿಸಿ ಹೊಲವನ್ನು ವಾಪಸ್ ಕೇಳಬಹುದೇ?

ಬಳಪ

ಮಾರಿದ ಕಾಗದ ತೋರಿಸಿ ವಾಪಸ್ ಕೇಳುವುದೇ? ನೀವು ಸುಮ್ಮನೆ ಓದಿ.

ಅಟ್ಟದ ಪೆಟ್ಟಿಗೆ

ಆ ಸಾಲು ಮುಚ್ಚಿಯೇ ಚಿತ್ರ ಹಾಕಿದ್ದೇನೆ, ಧನ್ಯವಾದ. ಹೆಳವರ ವಿಷಯ ಊರಿನಲ್ಲಿ ವಿಚಾರಿಸುತ್ತೇನೆ.

ಒಂದು ಕೊನೆಯ ಪ್ರಶ್ನೆ ಉಳಿದಿದೆ. ಸಾಕ್ಷಿಗಳ ಮೇಲೆ, ಬಲಗಡೆ, "ತಿಂಮಂಮ" ಎಂದು ಶಾನುಭೋಗರ ಕೈಯಲ್ಲೇ ಬರೆದಿದೆ. ಅದರ ಪಕ್ಕ ಒಂದು ಚಿಕ್ಕ ಉಂಗುರ. ನಾನು ಸೊನ್ನೆ ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಈಗ ದೊಡ್ಡದು ಮಾಡಿ ನೋಡಿದರೆ ಅದರ ಶಾಯಿ ಬೇರೆ ಕಡೆಗಿಂತ ದಪ್ಪ, ಗೆರೆ ನಡುಗಿದೆ, ಎರಡು ತುದಿ ಸರಿಯಾಗಿ ಕೂಡಿಲ್ಲ. ಬರೆಯುವ ಅಭ್ಯಾಸವಿದ್ದವರ ಕೈ ಅಲ್ಲ.

ಬೋರು ಮತ್ತು ಮಸಿ

ನಮ್ಮ ಮೋಡಿ ಕಾಗದಗಳಲ್ಲಿ ಅಕ್ಷರ ಬಾರದವರು ನಿಶಾನಿ ಹಾಕುತ್ತಿದ್ದರು. ರೈತನಾದರೆ ನೇಗಿಲಿನ ಗುರುತು. ಹೆಂಗಸಾದರೆ ಬಳೆ.

ಅಟ್ಟದ ಪೆಟ್ಟಿಗೆ

ಬಳೆ ಎಂದರೆ, ವೆಂಕಟಣ್ಣ ಆಗ ಬದುಕಿದ್ದನೇ? ಬದುಕಿದ್ದರೆ ಹೊಲ ಬರೆದುಕೊಡಲು ಇವಳು ಏಕೆ ಬಂದಳು? ಅವನೆಲ್ಲಿದ್ದ?

ಬಳಪ

"ಕೋಂ" ಪದದ ಹಿಂದೆ ಮುಂದೆ "ಮೃತ" ಎಂದೇನಾದರೂ ಇದೆಯೇ ನೋಡಿ. ನಿಮ್ಮ ಚಿತ್ರದಲ್ಲಿ ಸರಿಯಾಗಿ ಅಲ್ಲೇ ಹುಳು ತಿಂದ ತೂತು ಇದೆ. ಕಾಗದವನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಒಂದು ಚಿತ್ರ ತೆಗೆಯಿರಿ. ತೂತಿನ ಅಂಚಿನಲ್ಲಿ ಒಂದು ಕೊಂಬಿನ ತುದಿ ಇದ್ದರೂ ಸಾಕು.

ಅಟ್ಟದ ಪೆಟ್ಟಿಗೆ

ಶನಿವಾರ ಊರಿಗೆ ಹೋಗುತ್ತಿದ್ದೇನೆ. ಕಾಗದ ಅಪ್ಪನ ಬೀರುವಿನಲ್ಲಿದೆ. ತೆಗೆದು ಹಾಕುತ್ತೇನೆ.